ನೇರಲ ಬೀಜದ ಸತ್ವವೂ ಸಿಹಿಮೂತ್ರ ರೋಗವೂ: ಪರೀಕ್ಷೆಗಳು ತಿಳಿಸುವದೇನು?

ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರ ತಾಲೂಕುಗಳಲ್ಲಿ ನೇರಲ ಗಿಡವನ್ನು ಅರಿಯದವರಿಲ್ಲ. ಹಳ್ಳದ ದಂಡೆ, ಕೆರೆಯ ಏರಿ, ಹೊಲದ ಬದುವು, ಮಾವಿನ ತೋಪಿನ ಅಂಚು ಇವೇ ಅದರ ನೆಲೆಗಳು. ಕಾರಹುಣ್ಣಿಮೆಯ ಸುಮಾರಿಗೆ, ಮೃಗಶಿರಾ ಮಳೆ ಹಿಡಿಯುವ ಕಾಲಕ್ಕೆ, ಗಿಡದ ಬುಡವೆಲ್ಲ ಹಣ್ಣಿನಿಂದ ನೀಲಿಯಾಗುತ್ತದೆ. ಹಣ್ಣನ್ನು ಮಕ್ಕಳೂ ಹಕ್ಕಿಗಳೂ ತಿಂದು ತೀರಿಸುತ್ತಾರೆ, ಬೀಜವು ಮಣ್ಣುಪಾಲಾಗುತ್ತದೆ. ಆದರೆ ಇತ್ತೀಚೆಗೆ ಈ ಬೀಜಕ್ಕೂ ಬೆಲೆ ಬಂದಿದೆ. ಅದನ್ನು ಒಣಗಿಸಿ ಪುಡಿ ಮಾಡಿ, ಸಿಹಿಮೂತ್ರ ರೋಗಕ್ಕೆ ಸಿದ್ಧೌಷಧವೆಂದು ಮಾರುವವರು ಅನೇಕರಿರುವರು. ಮಧುಮೇಹವೆಂದೂ, ಜನರ ಮಾತಿನಲ್ಲಿ ಸಕ್ಕರೆ ಬೇನೆಯೆಂದೂ ಕರೆಯಲ್ಪಡುವದು ಈ ರೋಗವೇ.

ಈ ರೋಗವು ಪಟ್ಟಣದ ಶ್ರೀಮಂತರದು ಎಂಬ ಭಾವನೆಯು ಈಗ ಸಲ್ಲದು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ದೇಶದಾದ್ಯಂತ ನಡಿಸಿ 2023ನೆಯ ಇಸವಿಯಲ್ಲಿ ಪ್ರಕಟಿಸಿದ ಸಮೀಕ್ಷೆಯ ಮೇರೆಗೆ ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಹಳ್ಳಿಗಳಲ್ಲಿಯೂ ಪ್ರಾಯಕ್ಕೆ ಬಂದ 100 ಜನರಲ್ಲಿ ಸುಮಾರು 9 ಜನರು ಈ ರೋಗಕ್ಕೆ ಗುರಿಯಾಗಿದ್ದಾರೆ. ಈ ಲೆಕ್ಕದ ಪ್ರಕಾರ 1000 ಪ್ರೌಢರಿರುವ ಊರಿನಲ್ಲಿ 90 ಜನರು ರೋಗಿಗಳಿರಬಹುದು. ಅವರಲ್ಲಿ ಎಷ್ಟೋ ಜನರಿಗೆ ತಮಗೆ ರೋಗವಿರುವದೇ ಗೊತ್ತಿರಲಾರದು. ಇಂಥ ಸ್ಥಿತಿಯಲ್ಲಿ "ನೇರಲ ಬೀಜ ತಿಂದರೆ ಸಾಕು, ಗುಳಿಗೆ ಬೇಡ, ಸೂಜಿ ಬೇಡ" ಎಂಬ ಮಾತು ಊರೊಳಗೆ ಹಬ್ಬಿದರೆ ಅದರ ಪರಿಣಾಮವು ಸಣ್ಣದಾಗುವದಿಲ್ಲ. ಕಷ್ಟ ಬಂದಾಗ ಜನರು ಮೊದಲು ಕೇಳುವದು ಊರ ಗೌಡರನ್ನು ಮತ್ತು ಹಿರಿಯರನ್ನು. ಆದುದರಿಂದ ಈ ಬೀಜದ ಬಗ್ಗೆ ಯಾವ ಯಾವ ಪರೀಕ್ಷೆಗಳಾಗಿವೆ, ಅವುಗಳಿಂದ ಏನು ಸಿದ್ಧವಾಗಿದೆ, ಏನು ಸಿದ್ಧವಾಗಿಲ್ಲ ಎಂಬದನ್ನು ಅವರು ಚೆನ್ನಾಗಿ ತಿಳಿದಿರುವದು ಅವಶ್ಯವು.

ಹಳೆಯ ವೈದ್ಯಶಾಸ್ತ್ರದಲ್ಲಿ ನೇರಲ

ಸಂಸ್ಕೃತದಲ್ಲಿ ಇದಕ್ಕೆ ಜಂಬೂ ಎಂದು ಹೆಸರು. ಸಸ್ಯಶಾಸ್ತ್ರಜ್ಞರು ಸಿಜಿಜಿಯಂ ಕ್ಯುಮಿನಿ ಎಂದು ಕರೆಯುವರು. ಚರಕ ಸಂಹಿತೆಯಲ್ಲಿ ಔಷಧಿಗಳನ್ನು ಹತ್ತು ಹತ್ತರ ಗಣಗಳಾಗಿ ವಿಂಗಡಿಸಿದಲ್ಲಿ ಜಂಬೂವು ಮೂತ್ರಸಂಗ್ರಹಣೀಯ ಗಣದಲ್ಲಿ, ಅಂದರೆ ಅತಿಯಾಗಿ ಹೋಗುವ ಮೂತ್ರವನ್ನು ತಡೆಯುವ ದ್ರವ್ಯಗಳಲ್ಲಿ, ಮಾವು, ಆಲ, ಅತ್ತಿ, ಅರಳಿ ಮುಂತಾದವುಗಳ ಜೊತೆಗೆ ಎಣಿಸಲ್ಪಟ್ಟಿದೆ. ಇವುಗಳಲ್ಲಿ ಬಹುತೇಕ ಎಲ್ಲವೂ ಒಗರು ರಸವುಳ್ಳವು. ನೇರಲದ ತೊಗಟೆಯನ್ನೂ ಬೀಜವನ್ನೂ ಅತಿಸಾರಕ್ಕೆ ಕೊಡುವ ವಾಡಿಕೆಯು ಇದೇ ಒಗರು ಗುಣದಿಂದ ಬಂದದ್ದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ಮಧುಮೇಹಿಗೆ ಮೇಲಿಂದ ಮೇಲೆ ಮೂತ್ರವಾಗುವದು ರೋಗದ ಚಿಹ್ನೆಯು. ಪ್ರಾಚೀನ ವೈದ್ಯರು ಮೂತ್ರದ ಸಿಹಿಯನ್ನು ಗುರುತಿಸಿದ್ದರು. ಆದರೆ ರಕ್ತದೊಳಗಿನ ಸಕ್ಕರೆಯನ್ನು ಅಳೆಯುವ ಸಾಧನವು ಆ ಕಾಲದಲ್ಲಿ ಎಲ್ಲಿಯೂ ಇದ್ದಿಲ್ಲ. ಮೂತ್ರದ ಪ್ರಮಾಣವು ಕಡಿಮೆಯಾದರೆ ರೋಗವು ಇಳಿಯಿತೆಂದು ತಿಳಿಯುವದು ಸಹಜವಾಗಿತ್ತು. ರಕ್ತದ ಸಕ್ಕರೆಯು ಸಾಮಾನ್ಯವಾಗಿ 100 ಮಿಲಿಲೀಟರಿಗೆ 180 ಮಿಲಿಗ್ರಾಂ ಮೀರಿದ ಮೇಲೆಯೇ ಮೂತ್ರಕ್ಕೆ ಇಳಿಯುತ್ತದೆ. ಉಪವಾಸದ ಹೊತ್ತಿನಲ್ಲಿ 126 ಮಿಲಿಗ್ರಾಂ ಇದ್ದರೇ ಮಧುಮೇಹವೆಂದು ಇಂದಿನ ವೈದ್ಯರು ನಿರ್ಣಯಿಸುತ್ತಾರೆ. ಅಂದ ಮೇಲೆ ಮೂತ್ರದಲ್ಲಿ ಸಕ್ಕರೆ ಕಾಣದಿದ್ದಾಗ್ಯೂ ರಕ್ತದಲ್ಲಿ ಅದು ಹೆಚ್ಚಿದ್ದು, ಒಳಗಿನ ನರ, ಕಣ್ಣು, ಮೂತ್ರಪಿಂಡಗಳನ್ನು ಕೆಡಿಸುತ್ತಲೇ ಇರಬಹುದು. ಆದುದರಿಂದ ಶಾಸ್ತ್ರದಲ್ಲಿ ಹೆಸರಿರುವದು ಬೀಜವನ್ನು ಪರೀಕ್ಷಿಸಿ ನೋಡಲು ಯೋಗ್ಯವಾದ ಕಾರಣವಾಗುತ್ತದೆಯೇ ಹೊರತು ಪರೀಕ್ಷೆಗೆ ಬದಲಾಗುವದಿಲ್ಲ.

ನೂರು ವರ್ಷಗಳಿಗೆ ಮೀರಿದ ಪರೀಕ್ಷೆ

ನೇರಲ ಬೀಜದ ಸುದ್ದಿಯು 1880ರ ದಶಕದಲ್ಲಿ ಹಿಂದುಸ್ತಾನದಿಂದ ಯೂರೋಪಕ್ಕೆ ಮುಟ್ಟಿತು. ಆಗ ಮಧುಮೇಹಕ್ಕೆ ಪಥ್ಯವೊಂದನ್ನು ಬಿಟ್ಟರೆ ನಂಬತಕ್ಕ ಚಿಕಿತ್ಸೆಯೇ ಇದ್ದಿಲ್ಲವಾದ್ದರಿಂದ ಅಲ್ಲಿಯ ವೈದ್ಯರು ಬೀಜವನ್ನು ತರಿಸಿಕೊಂಡು ಆತುರದಿಂದ ಪ್ರಯೋಗಿಸಿದರು. ಜರ್ಮನಿಯ ಬಾನ್ ಪಟ್ಟಣದಲ್ಲಿ ಗ್ರೇಸರ್ ಎಂಬವರು 1889ರಲ್ಲಿ ನಾಯಿಗಳಿಗೆ ಫ್ಲೋರಿಜಿನ್ ಎಂಬ ದ್ರವ್ಯವನ್ನು ಕೊಟ್ಟು ಅವುಗಳ ಮೂತ್ರದಲ್ಲಿ ಸಕ್ಕರೆಯನ್ನುಂಟುಮಾಡಿ, ತರುವಾಯ ನೇರಲದ ಸತ್ವವನ್ನು ಕುಡಿಸಿದರು. ಮೂತ್ರದ ಸಕ್ಕರೆಯು ಕಡಿಮೆಯಾದದ್ದು ಕಂಡುಬಂದಿತು. ಇದರಿಂದ ಬಹು ಜನರು ಹರ್ಷಪಟ್ಟರು.

ಆದರೆ ಫ್ಲೋರಿಜಿನ್ ಎಂಬದು ಸೇಬು ಗಿಡದ ತೊಗಟೆಯಿಂದ ತೆಗೆದ ವಸ್ತುವು. ಅದು ಮೂತ್ರಪಿಂಡದಲ್ಲಿ ಸಕ್ಕರೆಯನ್ನು ತಡೆಯುವ ಕದವನ್ನು ಸಡಿಲಿಸಿ ಹೊರಗೆ ಹರಿಯಬಿಡುತ್ತದೆ. ರಕ್ತದಲ್ಲಿ ಸಕ್ಕರೆಯು ಏರಿಯೇ ಇರುವದಿಲ್ಲ. ಅದೇ 1889ರಲ್ಲಿ ಸ್ಟ್ರಾಸ್‌ಬರ್ಗದಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಎಂಬ ವಿದ್ವಾಂಸರು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದುಬಿಟ್ಟರೆ ನಿಜವಾದ ಮಧುಮೇಹ ಉಂಟಾಗುತ್ತದೆಂದು ತೋರಿಸಿಕೊಟ್ಟರು. ಹೀಗೆ ಗ್ರೇಸರರು ಇಳಿಸಿದ್ದು ರೋಗದ ತೋರಿಕೆಯನ್ನೇ ಹೊರತು ಮನುಷ್ಯರ ರೋಗವನ್ನಲ್ಲ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇವರು ಅದೇ ಗ್ರಂಥಿಯಿಂದ ಇನ್ಸುಲಿನ್ ಸತ್ವವನ್ನು ಬೇರ್ಪಡಿಸಿದರು; 1922ರಲ್ಲಿ ಅದು ರೋಗಿಗಳಿಗೆ ದೊರೆಯಹತ್ತಿತು. ಅಲ್ಲಿಯವರೆಗೆ ಕೆಲವೇ ತಿಂಗಳುಗಳಲ್ಲಿ ಸಾಯುತ್ತಿದ್ದ ಎಳೆಯ ಮಕ್ಕಳು ಬದುಕಹತ್ತಿದರು. ನೇರಲದ ಮಾತು ಯೂರೋಪದಲ್ಲಿ ಹಿಂದೆ ಬಿದ್ದಿತು.

ಹಿಂದುಸ್ತಾನದಲ್ಲಿ ಮಾತ್ರ ನಾಡ ಔಷಧಿಗಳ ಶೋಧವು ಮುಂದುವರಿಯಿತು. ಕಲಕತ್ತೆಯ ಉಷ್ಣವಲಯ ವೈದ್ಯಶಾಲೆಯಲ್ಲಿ ಕರ್ನಲ್ ರಾಮನಾಥ ಚೋಪ್ರಾ ಇವರು ನಾಡಗಿಡಗಳ ಗುಣಗಳನ್ನು ಕ್ರಮವಾಗಿ ಪರೀಕ್ಷಿಸುವ ಪದ್ಧತಿಯನ್ನು ಬೆಳೆಸಿ, 1933ರಲ್ಲಿ ಭಾರತದ ದೇಶೀ ಔಷಧಿಗಳ ಮೇಲಿನ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಹೆಸರುಳ್ಳ ಗಿಡವನ್ನು ಹೆಸರಿನ ಮಾತ್ರದಿಂದ ಒಪ್ಪಬಾರದು, ಹೆಸರಿನ ಮಾತ್ರದಿಂದ ತಳ್ಳಲೂ ಬಾರದು ಎಂಬ ನೀತಿಯು ಈ ಪದ್ಧತಿಯ ಬೆನ್ನೆಲುಬು. 1943ರಲ್ಲಿ ಅಲಾಕ್ಸಾನ್ ಎಂಬ ದ್ರವ್ಯವು ಪ್ರಾಣಿಗಳ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಹುಟ್ಟಿಸುವ ಕಣಗಳನ್ನೇ ನಾಶಪಡಿಸುತ್ತದೆಂದು ಗೊತ್ತಾದ ಮೇಲೆ, ರೋಗಕ್ಕೆ ಹೆಚ್ಚು ಹತ್ತಿರದ ಸ್ಥಿತಿಯನ್ನು ಇಲಿಗಳಲ್ಲಿ ಉಂಟುಮಾಡಿ ನೋಡುವದು ಸಾಧ್ಯವಾಯಿತು.

ಈ ರೀತಿಯ ಪರೀಕ್ಷೆಗಳಲ್ಲಿ ನೇರಲ ಬೀಜವು ತಕ್ಕಮಟ್ಟಿಗೆ ಒಳ್ಳೆಯ ಫಲವನ್ನೇ ತೋರಿಸಿದೆ. ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾಲಯದ ವಿದ್ವಾಂಸರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಲಾಕ್ಸಾನ್ ಕೊಟ್ಟ ಇಲಿಗಳಿಗೆ ಬೀಜದ ನೀರಿನ ಸತ್ವವನ್ನು 6 ವಾರ ಕುಡಿಸಲಾಗಿ ರಕ್ತದ ಸಕ್ಕರೆಯು ಗಣನೀಯವಾಗಿ ಇಳಿಯಿತು. ಮದರಾಸು, ದಿಲ್ಲಿ ಮುಂತಾದ ಕಡೆಗಳಲ್ಲಿಯೂ ಇಲಿ ಮತ್ತು ಮೊಲಗಳ ಮೇಲೆ ಇಂಥ ಪ್ರಯೋಗಗಳಾಗಿವೆ. ಬೀಜದಲ್ಲಿ ಗ್ಯಾಲಿಕ್ ಆಮ್ಲ, ಎಲ್ಯಾಜಿಕ್ ಆಮ್ಲ ಮತ್ತು ಟ್ಯಾನಿನ್ ಎಂಬ ಒಗರು ದ್ರವ್ಯಗಳಿರುವವು. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಪಾಚಕರಸವನ್ನು ಬೀಜದ ಸತ್ವವು ಗಾಜಿನ ನಳಿಕೆಯೊಳಗೆ ತಡೆಯುವದೂ ಕಂಡುಬಂದಿದೆ. ಆದುದರಿಂದ ಈ ಬೀಜದಲ್ಲಿ ಏನೂ ಇಲ್ಲವೆಂದು ಹೇಳುವದು ಸರಿಯಾಗದು.

ಇಲಿಯ ಲೆಕ್ಕ ಮತ್ತು ಮನುಷ್ಯನ ಲೆಕ್ಕ

ಆದರೆ ಪ್ರಮಾಣದ ಲೆಕ್ಕವನ್ನು ನೋಡಬೇಕು. ಮೇಲೆ ಹೇಳಿದ 1998ರ ಪ್ರಯೋಗದಲ್ಲಿ ಇಲಿಯ ಮೈತೂಕದ ಒಂದು ಕಿಲೋಗ್ರಾಮಿಗೆ 2.5 ಗ್ರಾಂ ಮತ್ತು 5 ಗ್ರಾಂ ಪ್ರಮಾಣದಲ್ಲಿ ಸತ್ವವನ್ನು ಕೊಡಲಾಗಿತ್ತು. 60 ಕಿಲೋ ತೂಕದ ಮನುಷ್ಯನಿಗೆ 2.5 ಗ್ರಾಮಿನ ಪ್ರಮಾಣವನ್ನು ಹಾಗೆಯೇ ಹಿಡಿದರೆ ದಿನಕ್ಕೆ 150 ಗ್ರಾಂ ಆಗುತ್ತದೆ. ಸಣ್ಣ ಪ್ರಾಣಿಗಳ ದೇಹವು ಔಷಧವನ್ನು ಬೇಗನೆ ಕರಗಿಸುವದರಿಂದ ಇಲಿಯ ಪ್ರಮಾಣವನ್ನು ಸುಮಾರು 6ರಿಂದ ಭಾಗಿಸಿ ಮನುಷ್ಯರಿಗೆ ಅನ್ವಯಿಸುವ ಪದ್ಧತಿಯುಂಟು. ಹಾಗೆ ಭಾಗಿಸಿದರೂ ದಿನಕ್ಕೆ ಸುಮಾರು 25 ಗ್ರಾಂ ಸತ್ವ ಬೇಕಾಗುತ್ತದೆ. ವೈದ್ಯರು ವಾಡಿಕೆಯಾಗಿ ಕೊಡುವ ಬೀಜದ ಪುಡಿಯಾದರೋ 3ರಿಂದ 6 ಗ್ರಾಂ ಮಾತ್ರ. ಮೇಲಾಗಿ ಪುಡಿಯೂ ಸತ್ವವೂ ಒಂದೇ ಅಲ್ಲ. ಸತ್ವವೆಂದರೆ ಬಹಳಷ್ಟು ಪುಡಿಯನ್ನು ನೀರಿನಲ್ಲಿ ಅಥವಾ ಮದ್ಯಸಾರದಲ್ಲಿ ನೆನೆಯಿಟ್ಟು, ಸೋಸಿ, ಆರಿಸಿ ಉಳಿದ ಸಾರವು. ಅಂದ ಮೇಲೆ ಇಲಿಗೆ ಫಲಿಸಿದ್ದು ಒಂದು ಚಮಚ ಪುಡಿಯಿಂದ ಮನುಷ್ಯನಿಗೂ ಫಲಿಸುತ್ತದೆಂದು ಹೇಳುವದಕ್ಕೆ ಈ ಪ್ರಯೋಗವು ಆಧಾರ ಕೊಡುವದಿಲ್ಲ.

ಮನುಷ್ಯರ ಮೇಲೆ ನಡೆದ ಪರೀಕ್ಷೆಗಳ ಫಲವು ಮಿಶ್ರವಾಗಿದೆ. ನೇರಲ ಗಿಡವು ಹೋಗಿ ನೆಲೆಯೂರಿದ ಬ್ರಾಝಿಲ ದೇಶದಲ್ಲಿಯೂ ಅದನ್ನು ಸಿಹಿಮೂತ್ರಕ್ಕೆ ಬಳಸುವ ವಾಡಿಕೆಯಿದೆ. ಅಲ್ಲಿಯ ಪೋರ್ಟೊ ಅಲೆಗ್ರೆ ಪಟ್ಟಣದ ಟೆಯ್‌ಶೇರಾ ಮತ್ತು ಅವರ ಸಂಗಡಿಗರು ರೋಗಿಗಳನ್ನು ಚೀಟಿಯೆತ್ತಿದಂತೆ ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ನೇರಲದ ಎಲೆಯ ಕಷಾಯವನ್ನೂ ಇನ್ನೊಂದಕ್ಕೆ ಗ್ಲಿಬೆನ್‌ಕ್ಲಮೈಡ್ ಎಂಬ ಗುಳಿಗೆಯನ್ನೂ 28 ದಿನ ಕೊಟ್ಟರು. ಯಾರಿಗೆ ಯಾವದು ಸಿಕ್ಕಿತೆಂಬದು ರೋಗಿಗೂ ವೈದ್ಯನಿಗೂ ಗೊತ್ತಾಗದಂತೆ ಏರ್ಪಾಡು ಮಾಡಲಾಗಿತ್ತು. 2004ರಲ್ಲಿ ಪ್ರಕಟವಾದ ಈ ಪರೀಕ್ಷೆಯಲ್ಲಿ ಗುಳಿಗೆಯು ಉಪವಾಸದ ಸಕ್ಕರೆಯನ್ನು ಇಳಿಸಿತು, ಕಷಾಯವು ಇಳಿಸಲಿಲ್ಲ. ಇದು ಎಲೆಯ ಪರೀಕ್ಷೆಯು, ಬೀಜದ್ದಲ್ಲ. ಆದುದರಿಂದ ಬೀಜವು ನಿರುಪಯುಕ್ತವೆಂದು ಇದರಿಂದ ಸಿದ್ಧವಾಗುವದಿಲ್ಲ. ಆದರೆ ಜನರ ವಾಡಿಕೆಯ ನಂಬಿಕೆಯು ಸರಿಯಾದ ಪರೀಕ್ಷೆಯಲ್ಲಿ ಸೋಲಬಹುದೆಂಬದು ಸಿದ್ಧವಾಗುತ್ತದೆ. ನಮ್ಮ ದೇಶದಲ್ಲಿ ಬೀಜದ ಪುಡಿಯನ್ನೇ ರೋಗಿಗಳಿಗೆ ಕೊಟ್ಟು ನೋಡಿದ ಕೆಲವು ಪರೀಕ್ಷೆಗಳಲ್ಲಿ ಸಕ್ಕರೆಯು ಸ್ವಲ್ಪ ಇಳಿದದ್ದು ವರದಿಯಾಗಿದೆ. ಅವು ಸಣ್ಣ ಗುಂಪುಗಳ ಮೇಲೆ ಅಲ್ಪಕಾಲ ನಡೆದವುಗಳು. ಬೀಜದಿಂದ ರೋಗವು ಪೂರ್ತಿ ಗುಣವಾಯಿತೆಂದು, ಅಥವಾ ಅದು ಇನ್ಸುಲಿನ್ನಿನ ಸ್ಥಾನವನ್ನು ತುಂಬಿತೆಂದು ಯಾವ ಪರೀಕ್ಷೆಯೂ ತೋರಿಸಿಲ್ಲ.

ಒಕ್ಕಲಿಗನು ಅರಿತ ನ್ಯಾಯ

"ಇಂಥವರು ಪುಡಿ ತಿಂದರು, ಅವರ ಸಕ್ಕರೆ ಇಳಿಯಿತು, ಇದಕ್ಕಿಂತ ಸಾಕ್ಷಿ ಏನು ಬೇಕು?" ಎಂದು ಕೇಳುವವರುಂಟು. ಒಕ್ಕಲುತನ ಮಾಡುವವರಿಗೆ ಇದರ ಉತ್ತರವು ಕಠಿಣವಾಗದು. ಹೊಸ ಗೊಬ್ಬರವೊಂದನ್ನು ಹೊಲಕ್ಕೆಲ್ಲ ಹಾಕಿ, ಆ ವರ್ಷ ಬೆಳೆ ಹುಲುಸಾಗಿ ಬಂದರೆ, ಅದು ಗೊಬ್ಬರದ ಗುಣವೋ, ಮಳೆಯ ಗುಣವೋ ಎಂದು ಹೇಳಲಾಗದು. ಜಾಣನಾದ ಒಕ್ಕಲಿಗನು ಅದೇ ಹೊಲದಲ್ಲಿ ಒಂದು ಪಟ್ಟಿಗೆ ಗೊಬ್ಬರ ಹಾಕಿ, ಪಕ್ಕದ ಪಟ್ಟಿಯನ್ನು ಹಾಗೆಯೇ ಬಿಟ್ಟು, ಎರಡರ ಫಸಲನ್ನೂ ಬೇರೆ ಬೇರೆಯಾಗಿ ತೂಗುವನು. ಎರಡೂ ಸಮನಾಗಿ ಬಂದರೆ ಗೊಬ್ಬರಕ್ಕೆ ಕೀರ್ತಿ ಸಲ್ಲದು.

ರೋಗಿಯ ಸಂಗತಿಯೂ ಹೀಗೆಯೇ. ಬೀಜದ ಪುಡಿಯನ್ನು ತೆಗೆದುಕೊಳ್ಳಹತ್ತಿದವನು ಅದೇ ದಿನದಿಂದ ಹೋಳಿಗೆ, ಬೆಲ್ಲದ ಚಹಾ, ಎರಡು ಹೊತ್ತಿನ ಅನ್ನ ಇವುಗಳನ್ನು ಕಡಿಮೆ ಮಾಡುವನು. ಮುಂಜಾನೆ ಹೊಲದವರೆಗೆ ನಡೆದು ಹೋಗುವನು. ವೈದ್ಯರ ಗುಳಿಗೆಯನ್ನೂ ಕೆಲವು ದಿನ ನುಂಗುತ್ತಿರುವನು. ಸಕ್ಕರೆಯು ಇಳಿದಾಗ ಕೀರ್ತಿಯೆಲ್ಲ ಪುಡಿಗೆ ಹೋಗುತ್ತದೆ. ಪುಡಿ ತಿಂದೂ ಸಕ್ಕರೆ ಇಳಿಯದವರು ಬಾಯಿ ಬಿಟ್ಟು ಹೇಳುವದಿಲ್ಲ. ಅವರ ಸುದ್ದಿ ಊರಿಗೆ ಮುಟ್ಟುವದಿಲ್ಲ. ಆದುದರಿಂದಲೇ ಪುಡಿಯನ್ನು ಪಡೆಯುವ ಒಂದು ಗುಂಪು, ಅದರಂತೆಯೇ ಕಾಣುವ ನಿರುಪದ್ರವಿ ಪುಡಿಯನ್ನು ಪಡೆಯುವ ಮತ್ತೊಂದು ಗುಂಪು, ಇಬ್ಬರಿಗೂ ಒಂದೇ ಪಥ್ಯ, ಒಂದೇ ಅಳತೆ ಎಂಬ ಕ್ರಮವನ್ನು ಶೋಧಕರು ಅನುಸರಿಸುತ್ತಾರೆ. ಭಾರತದಲ್ಲಿ ಇಂಥ ಪರೀಕ್ಷೆಗಳನ್ನು ಮೊದಲೇ ನೋಂದಾಯಿಸುವ ದಾಖಲೆಯು 2007ರಲ್ಲಿ ಆರಂಭವಾಗಿದೆ. ಫಲವು ಅನುಕೂಲವಾಗಿರಲಿ, ಪ್ರತಿಕೂಲವಾಗಿರಲಿ, ನಡೆದ ಪರೀಕ್ಷೆಯು ಮರೆಯಾಗಬಾರದೆಂಬದೇ ಅದರ ಉದ್ದೇಶವು.

ಬೀಜವೆಲ್ಲವೂ ಸೌಮ್ಯವಲ್ಲ

ಹಣ್ಣು ತಿನ್ನಲು ಯೋಗ್ಯವಾದರೆ ಬೀಜವೂ ನಿರಪಾಯವೆಂದು ತಿಳಿಯುವದು ತಪ್ಪು. ಸೀತಾಫಲದ ತಿರುಳು ಅಮೃತದಂತಿದ್ದರೂ ಅದರ ಬೀಜದಲ್ಲಿ ಕೀಟಗಳನ್ನು ಕೊಲ್ಲುವ ತೀಕ್ಷ್ಣ ದ್ರವ್ಯಗಳಿವೆ. ಹೇನು ಹೋಗಲೆಂದು ಆ ಬೀಜವನ್ನು ಅರೆದು ತಲೆಗೆ ಹಚ್ಚಿದಾಗ ಕಣ್ಣಿಗೆ ಇಳಿದು, ಕಣ್ಣಿನ ಕರಿಗುಡ್ಡೆಯ ಮೇಲ್ಪದರವು ಸುಲಿದು ಆಸ್ಪತ್ರೆಗೆ ಬಂದವರ ವೃತ್ತಾಂತಗಳು ವೈದ್ಯಪತ್ರಿಕೆಗಳಲ್ಲಿ ಪ್ರಕಟವಾಗಿವೆ. ನೇರಲದ ಬೀಜದಲ್ಲಿ ಅಂಥ ಉಗ್ರತೆಯಿಲ್ಲ. ಆದಾಗ್ಯೂ ಪ್ರತಿಯೊಂದು ಬೀಜವನ್ನೂ ಅದರದೇ ಪರೀಕ್ಷೆಯಿಂದ ತಿಳಿಯಬೇಕೇ ಹೊರತು ಒಂದರ ಗುಣವನ್ನು ಇನ್ನೊಂದಕ್ಕೆ ಆರೋಪಿಸಲಾಗದು.

ಗಿಡಮೂಲಿಕೆಯು ಸರಿಯಾದ ಪರೀಕ್ಷೆಯ ಮಾರ್ಗದಿಂದ ಹಾಯ್ದರೆ ಎಷ್ಟು ದೊಡ್ಡ ಫಲ ಕೊಡಬಲ್ಲದೆಂಬದಕ್ಕೂ ಉದಾಹರಣೆಗಳಿವೆ. ಯೂರೋಪದ ಗಲೇಗಾ ಎಂಬ ಮೇವಿನ ಗಿಡದಲ್ಲಿ ರಕ್ತದ ಸಕ್ಕರೆಯನ್ನು ಇಳಿಸುವ ಗ್ವಾನಿಡೀನ್ ಜಾತಿಯ ದ್ರವ್ಯವು ಕಂಡುಬಂದಿತು. ಅದು ವಿಷಕಾರಿಯಾದದ್ದರಿಂದ ಅದೇ ಜಾತಿಯ ಸೌಮ್ಯ ದ್ರವ್ಯಗಳನ್ನು ರಸಾಯನ ಶಾಲೆಯಲ್ಲಿ ತಯಾರಿಸಿ, 1957ರಲ್ಲಿ ಪ್ಯಾರಿಸಿನ ಜಾನ್ ಸ್ಟರ್ನ್ ಇವರು ರೋಗಿಗಳಿಗೆ ಕೊಟ್ಟ ಫಲಿತಾಂಶವನ್ನು ಪ್ರಕಟಿಸಿದರು. ಅದೇ ಇಂದು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಮೆಟ್‌ಫಾರ್ಮಿನ್ ಗುಳಿಗೆಯು. ಗ್ರೇಸರರು ನಾಯಿಗಳಿಗೆ ಕೊಟ್ಟ ಫ್ಲೋರಿಜಿನ್ ದ್ರವ್ಯದ ಜಾಡು ಹಿಡಿದು ಹೋದ ಶೋಧಕರೂ, ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಹೊಸ ಜಾತಿಯ ಗುಳಿಗೆಗಳನ್ನು 2012ರ ಸುಮಾರಿಗೆ ಬಳಕೆಗೆ ತಂದರು. ನೇರಲವನ್ನು ಪರೀಕ್ಷಿಸಲು ರೋಗ ಹುಟ್ಟಿಸುವ ಸಾಧನವಾಗಿದ್ದ ವಸ್ತುವೇ ಕೊನೆಗೆ ಔಷಧಕ್ಕೆ ತಾಯಿಯಾಯಿತು. ನೇರಲವು ಇನ್ನೂ ಹೊಸ್ತಿಲಲ್ಲಿಯೇ ನಿಂತಿದೆ. ಮುಂದೆ ಅದೂ ಒಳಗೆ ಬರಲಾರದೆಂದಲ್ಲ. ಬಾಗಿಲು ಮಾತ್ರ ಪರೀಕ್ಷೆಯದೇ.

ಅಪಾಯವು ಎಲ್ಲಿದೆ?

ಮೊದಲನೆಯದಾಗಿ, ಔಷಧವನ್ನು ಬಿಟ್ಟುಬಿಡುವದರಲ್ಲಿದೆ. ಚಿಕ್ಕ ವಯಸ್ಸಿನಲ್ಲಿ ಬರುವ ಮಧುಮೇಹದಲ್ಲಿ ದೇಹವು ಇನ್ಸುಲಿನ್ನನ್ನು ಹುಟ್ಟಿಸುವದೇ ಇಲ್ಲ. ಇಂಥ ಹುಡುಗನ ಸೂಜಿಯನ್ನು ನಿಲ್ಲಿಸಿ ಬೀಜದ ಪುಡಿಯನ್ನು ಕೊಟ್ಟರೆ ಕೆಲವೇ ದಿನಗಳಲ್ಲಿ ವಾಂತಿ, ಹೊಟ್ಟೆನೋವು, ಜೋರಾದ ಉಸಿರಾಟ, ಎಚ್ಚರ ತಪ್ಪುವಿಕೆ ಉಂಟಾಗಿ ಪ್ರಾಣಕ್ಕೆ ಎರವಾಗುವನು. ನಡುವಯಸ್ಸಿನವರಲ್ಲಿ ಕೇಡು ನಿಧಾನವಾಗಿ ಬರುತ್ತದೆ: ಕಾಲಿನ ಸ್ಪರ್ಶ ಹೋಗಿ ಹೊಲದ ಮುಳ್ಳು ಚುಚ್ಚಿದ್ದೇ ತಿಳಿಯದೆ ಹುಣ್ಣಾಗುವದು, ಕಣ್ಣು ಮಂದವಾಗುವದು, ಮೂತ್ರಪಿಂಡ ಕೆಡುವದು. ನೋವಿಲ್ಲದೆ ಬರುವ ಕೇಡಾದ್ದರಿಂದ ಪುಡಿಯು ಗುಣ ಕೊಡುತ್ತಿದೆಯೆಂಬ ಭ್ರಾಂತಿಯು ವರ್ಷಗಟ್ಟಲೆ ಉಳಿಯಬಹುದು.

ಎರಡನೆಯದಾಗಿ, ಗುಳಿಗೆ ಮತ್ತು ಪುಡಿ ಎರಡನ್ನೂ ವೈದ್ಯರಿಗೆ ತಿಳಿಸದೆ ಕೂಡಿಸಿ ತೆಗೆದುಕೊಂಡರೆ ಸಕ್ಕರೆಯು ಮಿತಿಮೀರಿ ಇಳಿಯುವ ಸಂಭವವಿದೆ. ಬೆವರು, ನಡುಕ, ಅತಿಹಸಿವು, ತಲೆಸುತ್ತು, ಮಾತು ತೊದಲುವದು ಇದರ ಚಿಹ್ನೆಗಳು. ಎಚ್ಚರವಿದ್ದಲ್ಲಿ ಕೂಡಲೆ ಸಕ್ಕರೆ ಅಥವಾ ಬೆಲ್ಲದ ನೀರನ್ನು ಕುಡಿಸಿ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರ ತಪ್ಪಿದವನ ಬಾಯಿಗೆ ಏನನ್ನೂ ಹಾಕಬಾರದು.

ಮೂರನೆಯದಾಗಿ, ಮಾರಾಟದ ಪುಡಿಗಳಲ್ಲಿ ಕಲಬೆರಕೆಯ ಭಯವಿದೆ. ಗಿಡಮೂಲಿಕೆಯೆಂದು ಹೇಳಿ ಮಾರಿದ ಮಧುಮೇಹದ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡದಂಥ ಗುಳಿಗೆಗಳನ್ನು ಅರೆದು ಸೇರಿಸಿದ್ದು ಅನೇಕ ದೇಶಗಳ ಪರೀಕ್ಷಾಲಯಗಳಲ್ಲಿ ಸಿಕ್ಕಿಬಿದ್ದಿದೆ. ಪುಡಿ ತಿಂದ ಒಂದೆರಡು ದಿನಗಳಲ್ಲಿಯೇ ಸಕ್ಕರೆಯು ಬುಡಕ್ಕೆ ಇಳಿಯಿತೆಂದರೆ ಹಿಗ್ಗುವದಕ್ಕಿಂತ ಸಂಶಯಪಡುವದೇ ಲೇಸು.

ಬೀಜವನ್ನು ಕೂಡಿಸುವ ಮತ್ತು ಒಣಗಿಸುವ ಕ್ರಮ

ಆಯುರ್ವೇದ ಔಷಧಗಳ ತಯಾರಕರು ನೇರಲ ಬೀಜವನ್ನು ಕೊಳ್ಳುವದರಿಂದ, ಚೆಲ್ಲಿಹೋಗುವ ಬೀಜವನ್ನು ಶುದ್ಧವಾಗಿ ಕೂಡಿಸಿ ಮಾರುವದರಲ್ಲಿ ದೋಷವೇನೂ ಇಲ್ಲ. ಆದರೆ ಹಣ್ಣಿನ ಕಾಲವೇ ಮಳೆಯ ಕಾಲವಾದ್ದರಿಂದ, ವಿಶೇಷವಾಗಿ ಮಲೆನಾಡಿಗೆ ಹತ್ತಿದ ಹಾನಗಲ್ಲ ಮತ್ತು ಹಿರೇಕೆರೂರ ಭಾಗಗಳಲ್ಲಿ, ಬೀಜವು ಒಣಗದೆ ಬೂಸ್ಟು ಹಿಡಿಯುವ ತೊಂದರೆಯಿದೆ. ಬೂಸ್ಟು ಹಿಡಿದ ಬೀಜದಲ್ಲಿ ಯಕೃತ್ತನ್ನು ಕೆಡಿಸುವ ವಿಷವು ಹುಟ್ಟಬಹುದು. ಅದು ಕುದಿಸಿದರೂ ಹೋಗುವದಿಲ್ಲ. ಆದುದರಿಂದ ಕೆಳಗಿನ ಕ್ರಮವನ್ನು ಅನುಸರಿಸತಕ್ಕದ್ದು.

ನೆಲದ ಮೇಲೆ ಬಿದ್ದು ಕೊಳೆತ ಹಣ್ಣನ್ನು ಆರಿಸಬಾರದು. ಗಿಡದ ಕೆಳಗೆ ತಾಡಪತ್ರಿ ಹಾಸಿ, ಕೊಂಬೆಗಳನ್ನು ಮೆಲ್ಲಗೆ ಅಲುಗಿಸಿ ಕೂಡಿಸುವದು ಒಳ್ಳೆಯದು. ತಿರುಳನ್ನು ಅದೇ ದಿನ ಬೇರ್ಪಡಿಸಿ ಬೀಜವನ್ನು ಎರಡು ಮೂರು ಸಾರೆ ನೀರಿನಲ್ಲಿ ತೊಳೆಯಬೇಕು. ಮೇಲ್ಛಾವಣಿಯ ಕೆಳಗೆ ಗಾಳಿಯಾಡುವಲ್ಲಿ, ನೆಲಕ್ಕೆ ತಾಗದಂತೆ ತಟ್ಟಿ ಅಥವಾ ಜಾಲರಿಯ ಮೇಲೆ ಒಂದೇ ಪದರವಾಗಿ ಹರಡಿ, ದಿನಕ್ಕೆ ಎರಡು ಸಾರೆ ತಿರುವಬೇಕು. ಮೇಲಿನ ಸಿಪ್ಪೆಯು ಬಿರಿದ ಮೇಲೆ ಅದನ್ನು ತೆಗೆದು ಒಳಗಿನ ಬೇಳೆಯನ್ನು ಮತ್ತೆ ಒಣಗಿಸಬೇಕು. ಬೇಳೆಯು ಬಾಗದೆ ಟಕ್ಕನೆ ಮುರಿದರೆ ಒಣಗಿದೆಯೆಂದು ತಿಳಿಯಬಹುದು. ಬೀಜೋಪಚಾರ ಮಾಡಿದ ಚೀಲ, ಗೊಬ್ಬರದ ಚೀಲ ಇವುಗಳನ್ನು ಎಷ್ಟು ಮಾತ್ರಕ್ಕೂ ಬಳಸಕೂಡದು. ಔಷಧ ಸಿಂಪಡಿಸಿದ ಮಾವಿನ ತೋಪಿನ ಅಂಚಿನ ಗಿಡಗಳ ಹಣ್ಣನ್ನು ಬೇರೆಯಾಗಿಡಬೇಕು. ಚೀಲದ ಮೇಲೆ ಊರು, ಗಿಡದ ಸ್ಥಳ ಮತ್ತು ತಾರೀಖು ಬರೆದಿಟ್ಟರೆ ಕೊಳ್ಳುವವನಿಗೂ ಪರೀಕ್ಷಿಸುವವನಿಗೂ ಮಾಲಿನ ಮೂಲವು ತಿಳಿಯುತ್ತದೆ.

ಗಿಡ ಬೆಳೆಸುವವರು ತಿಳಿಯತಕ್ಕದ್ದು

ನೇರಲವು ಜವಳು ನೆಲವನ್ನೂ ಸ್ವಲ್ಪಕಾಲ ನಿಂತ ನೀರನ್ನೂ ತಾಳುವ ಗಿಡವು. ಕೆರೆಯ ಕೆಳಗಿನ ಹೊಲಗಳ ಬದುವಿಗೆ, ಬೇರೆ ಹಣ್ಣಿನ ಗಿಡ ಹತ್ತದಲ್ಲಿ, ಇದನ್ನು ಹಚ್ಚಬಹುದು. ಬೀಜದಿಂದ ಬೆಳೆಸುವವರು ಹಸಿ ಬೀಜವನ್ನೇ ಊರಬೇಕು. ಒಣಗಿದ ಬೀಜಕ್ಕೆ ಮೊಳೆಯುವ ಶಕ್ತಿಯು ಸುಮಾರು 15 ದಿನಗಳೊಳಗಾಗಿ ಹೋಗಿಬಿಡುತ್ತದೆ. ಔಷಧಕ್ಕೆಂದು ಒಣಗಿಸಿಟ್ಟ ಬೀಜವನ್ನು ಬಿತ್ತನೆಗೆ ಮಾರುವವರಿಂದ ಮೋಸಹೋಗಬಾರದು. ಬೀಜದ ಗಿಡವು ಫಲಕ್ಕೆ ಬರಲು 8ರಿಂದ 10 ವರ್ಷ ಬೇಕು. ಕಸಿ ಗಿಡವು ಇದಕ್ಕಿಂತ ಬಹಳ ಬೇಗನೆ ಫಲಿಸುವದು. ಬೀಜದ ಗಿಡಗಳಿಗೆ ಸುಮಾರು 10 ಮೀಟರ ಅಂತರ ಬಿಡಬೇಕು. ಕೊಂಕಣದ ದಾಪೋಲಿಯ ಕೃಷಿ ವಿದ್ಯಾಪೀಠವು ಹೊರತಂದ ಕೊಂಕಣ ಬಹಾಡೋಲಿ, ಗುಜರಾತದ ಗೋಧ್ರಾ ಕೇಂದ್ರದ ಗೋಮಾ ಪ್ರಿಯಾಂಕಾ ಮುಂತಾದ ತಳಿಗಳು ದಪ್ಪ ತಿರುಳಿನ ಹಣ್ಣಿಗಾಗಿ ಹೆಸರಾಗಿವೆ. ಲಖನೌ ಸಂಸ್ಥೆಯು ಬೀಜವಿಲ್ಲದ ತಳಿಯೊಂದನ್ನೂ ಆರಿಸಿದೆ. ಬೀಜದ ಆಶೆಯಿಂದ ಗಿಡ ಹಚ್ಚುವವನಿಗೆ ಅದು ನಿರರ್ಥಕವು. ಎಷ್ಟು ಮಾಡಿದರೂ ನೇರಲದ ಮುಖ್ಯ ಉತ್ಪನ್ನವು ಹಣ್ಣೇ, ಬೀಜವು ಉಪಉತ್ಪನ್ನವು. ಬೀಜದ ಔಷಧದ ಸುದ್ದಿಯನ್ನು ನಂಬಿ ಎಕರೆಗಟ್ಟಲೆ ತೋಟ ಮಾಡುವ ಮುಂಚೆ ಹಣ್ಣಿನ ಪೇಟೆಯನ್ನು ವಿಚಾರಿಸಬೇಕು. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಗಳಲ್ಲಿ ಈ ಬಗೆಗೆ ಕೇಳಬಹುದು.

ಗೌಡರು ಮತ್ತು ಭೂಮಾಲಕರು ಮಾಡತಕ್ಕ ಕಾರ್ಯ

1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯ ಪ್ರಕಾರ ಮಧುಮೇಹವನ್ನು ಗುಣಪಡಿಸುವೆವೆಂದು ಔಷಧದ ಜಾಹೀರಾತು ಕೊಡುವದು ಅಪರಾಧವು. ಔಷಧವೆಂದು ತಯಾರಿಸಿ ಮಾರುವದಕ್ಕೆ 1940ರ ಔಷಧ ಕಾಯಿದೆಯ ಮೇರೆಗೆ ಪರವಾನಿಗಿ ಬೇಕು. ಇದು ಆಯುರ್ವೇದ ಔಷಧಗಳಿಗೂ ಅನ್ವಯಿಸುತ್ತದೆ. ಸಂತೆಯಲ್ಲಿ ಬಂಡಿಯ ಮೇಲೆ ಧ್ವನಿವರ್ಧಕ ಹಚ್ಚಿ "ಸಕ್ಕರೆ ಬೇನೆ 40 ದಿನದಲ್ಲಿ ಮಾಯ" ಎಂದು ಕೂಗಿ ಮಾರುವವರಿಗೆ ಊರಲ್ಲಿ ಸ್ಥಳ ಕೊಡುವ ಮುಂಚೆ ಪರವಾನಿಗಿಯನ್ನು ಕೇಳುವದು ಹಿರಿಯರ ಕರ್ತವ್ಯವು.

ಹಾಗೆಂದು ನಾಟಿವೈದ್ಯರ ತಿಳುವಳಿಕೆಯನ್ನು ಅಲಕ್ಷಿಸಬಾರದು. ಯಾವ ಗಿಡದ ಯಾವ ಭಾಗವನ್ನು ಯಾವ ಕಾಲದಲ್ಲಿ ಕೀಳಬೇಕು, ಏನಕ್ಕೆ ಕೊಡಬೇಕು ಎಂಬ ಜ್ಞಾನವು ಬರೆದಿಡದೆ ಹಿರಿಯರ ಜೊತೆಗೇ ಮಣ್ಣಾಗುತ್ತಿದೆ. 2002ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಇರಬೇಕು. ಊರಿನ ಗಿಡಮರಗಳನ್ನೂ ಅವುಗಳ ಬಳಕೆಯನ್ನೂ ದಾಖಲೆ ಪುಸ್ತಕದಲ್ಲಿ ಬರೆದಿಡುವದು ಅದರ ಕೆಲಸವು. ನೇರಲದ ಹಳೆಯ ಗಿಡಗಳನ್ನೂ, ಸವಣೂರಿನ ಪ್ರಸಿದ್ಧವಾದ ದೊಡ್ಡ ಹುಣಸೆಯಂಥ ಅಪರೂಪದ ಗಿಡಗಳನ್ನೂ ಅದರಲ್ಲಿ ಸೇರಿಸಿದರೆ ಮುಂದಿನ ಶೋಧಕರಿಗೆ ನಿಜವಾದ ಆಧಾರ ದೊರೆಯುತ್ತದೆ. ಬೆಳಗಾವಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯ ಸಂಸ್ಥೆಯಿದ್ದು, ನಾಡ ಔಷಧಿಗಳ ಪರೀಕ್ಷೆಯೇ ಅದರ ಉದ್ದೇಶವಾಗಿದೆ.

ಕೊನೆಯದಾಗಿ, ಬೀಜದ ಪುಡಿಯನ್ನು ತೆಗೆದುಕೊಳ್ಳುವೆನೆಂದು ಹಟ ಹಿಡಿದ ರೋಗಿಗೆ ಹಿರಿಯರು ಮೂರು ಮಾತು ಹೇಳಬೇಕು. ವೈದ್ಯರು ಬರೆದುಕೊಟ್ಟ ಗುಳಿಗೆ ಅಥವಾ ಇನ್ಸುಲಿನ್ನನ್ನು ತನ್ನ ಮನಸ್ಸಿನಿಂದ ಬಿಡಬಾರದು, ಕಡಿಮೆ ಮಾಡಲೂ ಬಾರದು. ಪುಡಿಯ ಸಂಗತಿಯನ್ನು ವೈದ್ಯರಿಂದ ಮುಚ್ಚಿಡಬಾರದು. ಮೂತ್ರವನ್ನಾಗಲಿ, ಮೈಯ ಹುರುಪನ್ನಾಗಲಿ ನಂಬದೆ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಉಪವಾಸದ ಸಕ್ಕರೆಯನ್ನೂ, ವೈದ್ಯರು ಹೇಳಿದಾಗ ಮೂರು ತಿಂಗಳ ಸರಾಸರಿಯನ್ನು ತೋರಿಸುವ ರಕ್ತಪರೀಕ್ಷೆಯನ್ನೂ ಮಾಡಿಸಿ ಅಂಕೆಗಳನ್ನು ಬರೆದಿಡಬೇಕು. ನೇರಲದ ಬೀಜವು ನಿಜವಾಗಿ ಗುಣಕಾರಿಯಾಗಿದ್ದರೆ ಆ ಅಂಕೆಗಳೇ ಅದನ್ನು ಹೇಳುವವು. ಗುಣಕಾರಿಯಾಗಿರದಿದ್ದರೂ ಅವೇ ಹೇಳುವವು. ಯಾವ ಪಕ್ಷದಲ್ಲಿಯೂ ರೋಗಿಯ ಪ್ರಾಣವು ಪಣಕ್ಕೆ ಬಿದ್ದಿರುವದಿಲ್ಲ.